ಶುಕ್ರವಾರದ ಲಕ್ಷ್ಮಿ ಮತ್ತು ಬ್ಯಾಂಕಿನ ಬಡ್ಡಿ

ನಮ್ಮ ಓಣಿಯಲ್ಲಿ ಶುಕ್ರವಾರ ಯಾರ ಮನೆಯಿಂದಲೂ ರೊಕ್ಕ ಹೊರಗೆ ಹೋಗುವುದಿಲ್ಲ. ಹಾಲಿನವನಿಗೆ, ಕಾಯಿಪಲ್ಯದವಳಿಗೆ, ಇಸ್ತ್ರಿಯವನಿಗೆ ಎಲ್ಲರಿಗೂ ಇದು ಗೊತ್ತು. ಶುಕ್ರವಾರ ಬಾಕಿ ಕೇಳಲು ಬಂದವರಿಗೆ ಚಹಾ ಸಿಗುತ್ತದೆ, ರೊಕ್ಕ ಸಿಗುವುದಿಲ್ಲ. ಮನೆಯ ಲಕ್ಷ್ಮಿಯನ್ನು ಅವತ್ತು ಹೊರಗೆ ಕಳಿಸಬಾರದು ಎಂದು ಹಿರಿಯರು ಹೇಳಿದ್ದಾರೆ, ನಾವು ಕೇಳಿಕೊಂಡು ಬಂದಿದ್ದೇವೆ. ಹುಬ್ಬಳ್ಳಿಯ ನಮ್ಮ ಗೋಪನಕೊಪ್ಪದಲ್ಲಿ ಇದರಿಂದ ಯಾರಿಗೂ ನಷ್ಟವಾದದ್ದನ್ನು ನಾನು ಕಂಡಿರಲಿಲ್ಲ. ಮೊದಲು ನಷ್ಟವಾದದ್ದು ನನ್ನ ಎದುರು ಮನೆಯ ದಾಕ್ಷಾಯಿಣಿಗೆ.

ನನ್ನ ಹೆಸರು ಕಾಶೀಬಾಯಿ. ಬ್ಲೌಸು ಹೊಲಿಯುತ್ತೇನೆ. ಹೊಲಿಗೆ ಯಂತ್ರ ಕಿಟಕಿಯ ಹತ್ತಿರವೇ ಇದೆ, ಹಾಗಾಗಿ ಎದುರು ಮನೆಯ ಸುದ್ದಿ ನಾನು ಕೇಳದಿದ್ದರೂ ಕಿವಿಗೆ ಬೀಳುತ್ತದೆ. ಇವಳಿಗೆ ಕಂಡವರ ಮನೆಯ ಉಸಾಬರಿ ಯಾಕೆ ಎನ್ನುವವರು ಎನ್ನಲಿ. ಈ ಕಥೆ ಕೇಳಿದ ಮೇಲೆ ಅವರೂ ನನ್ನ ಕಿಟಕಿಗೆ ಕೈ ಮುಗಿಯುತ್ತಾರೆ.

ದಾಕ್ಷಾಯಿಣಿ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಅವಳ ಗಂಡ ಅಮರೇಶ ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುತ್ತಾನೆ. ಅತ್ತೆ ಕಾಳವ್ವ ಮನೆಯ ಯಜಮಾನಿ. ಬೀಗದ ಕೈ ಸೊಸೆಗೆ ಕೊಟ್ಟಿದ್ದೇನೆ ಎಂದು ಹೇಳುತ್ತಾಳೆ, ಆದರೆ ಯಾವ ದಿನ ಯಾವ ಬೀಗ ತೆಗೆಯಬೇಕೆಂದು ಹೇಳುವವಳು ಅವಳೇ.

ಎರಡು ವರ್ಷದ ಹಿಂದೆ ಅಮರೇಶನ ವರ್ಕ್‌ಶಾಪಿನ ಗೇಟಿನ ಮುಂದೆ ಒಂದು ಬ್ಯಾಂಕಿನವರು ಛತ್ರಿ ನೆಟ್ಟು, ಮೇಜು ಹಾಕಿ ಕುಳಿತರು. ಬ್ಯಾಂಕಿನ ಹೆಸರು ಇಲ್ಲಿ ಬೇಡ. ಟೈ ಕಟ್ಟಿಕೊಂಡ ಹುಡುಗರು ಕ್ರೆಡಿಟ್ ಕಾರ್ಡ್ ಫ್ರೀ, ಬರೀ ಸಹಿ ಹಾಕಿ ಎಂದರು. ಫ್ರೀ ಅಂದರೆ ನಮ್ಮ ಜನ ವಿಷವನ್ನಾದರೂ ಎರಡು ಬಾಟಲಿ ತರುತ್ತಾರೆ. ಅಮರೇಶ ಸಹಿ ಹಾಕಿದ. ಆ ಕಾರ್ಡಿನಲ್ಲಿ ಹೆಂಡತಿಗೆ ಹಿಟ್ಟು ನಾದುವ ಯಂತ್ರ ತಂದುಕೊಟ್ಟ. ಅವಳ ರಟ್ಟೆನೋವು ಕಡಿಮೆಯಾಯಿತು, ರೊಟ್ಟಿ ವ್ಯಾಪಾರ ಹೆಚ್ಚಾಯಿತು. ಮನಸ್ಸು ಒಳ್ಳೆಯದೇ ಇತ್ತು.

ತಿಂಗಳಿಗೊಮ್ಮೆ ಫೋನಿಗೆ ಬಿಲ್ಲು ಬರುತ್ತಿತ್ತು. ಅದರಲ್ಲಿ ಒಂದು ದೊಡ್ಡ ಮೊತ್ತ, ಅದರ ಕೆಳಗೆ ‘ಕನಿಷ್ಠ ಪಾವತಿ’ ಎಂದು ಒಂದು ಸಣ್ಣ ಮೊತ್ತ. ಅಮರೇಶ ಆ ಸಣ್ಣದನ್ನು ಭಿಶಿ ಚೀಟಿಯ ಕಂತು ಎಂದು ತಿಳಿದ. ಪ್ರತಿ ತಿಂಗಳೂ ಅಷ್ಟೇ ಕಟ್ಟಿದ. ಉಳಿದ ಮೊತ್ತದ ಮೇಲೆ ಬಡ್ಡಿ ಓಡುತ್ತಿದೆ ಎಂಬುದು ಅವನ ತಲೆಗೆ ಬರಲೇ ಇಲ್ಲ. ಹೇಳಬೇಕಾದ ಟೈ ಹುಡುಗರು ಛತ್ರಿ ಮಡಚಿಕೊಂಡು ಆಗಲೇ ಹೋಗಿದ್ದರು.

ಒಂದು ತಿಂಗಳು ಬಿಲ್ಲಿನ ಕಡೆಯ ದಿನ ಶುಕ್ರವಾರ ಬಂತು. ಅಮರೇಶ ಕೆಲಸಕ್ಕೆ ಹೊರಡುವ ಮೊದಲು ಫೋನು ತೆಗೆದು ಹಣ ಕಳಿಸಲು ನಿಂತ. ದೇವರ ಕೋಣೆಯಿಂದ ಕಾಳವ್ವನ ದನಿ ಬಂತು.

“ಯಾರಿಗೆ ಕಳಸಾಕತ್ತೀಯೋ ರೊಕ್ಕಾ?”

“ಬ್ಯಾಂಕಿಗೆ ಯವ್ವಾ. ಇವತ್ತ ಕಡೀ ದಿನ ಐತಿ.”

“ಇವತ್ತ ಶುಕ್ರವಾರ ಐತಿ. ನಾಳೆ ಕಳಸು. ಬ್ಯಾಂಕೇನ್ ಗಂಟು ಮೂಟಿ ಕಟಗೊಂಡ ಓಡಿ ಹೋಗತೈತಿ?”

“ಯವ್ವಾ, ಇದು ಫೋನಿನಾಗ ಹೋಗೂದು. ಕೈಯಾಗಿಂದ ಕೊಡೂದಲ್ಲ.”

“ಫೋನಿನಾಗ ಹೋದ್ರ ಅದು ಲಕ್ಷ್ಮಿ ಅಲ್ಲೇನು? ಇಡ ಒಳಗ!”

ಅಮರೇಶ ಫೋನು ಕಿಸೆಗೆ ಇಟ್ಟ. ಶನಿವಾರ ಮುಂಜಾನೆ ಎದ್ದವನೇ ಹಣ ಕಟ್ಟಿದ. ಒಂದೇ ದಿನ ತಡ. ಮುಂದಿನ ಬಿಲ್ಲಿನಲ್ಲಿ ತಡವಾದದ್ದಕ್ಕೆ ದಂಡ ಬಂದು ಕುಳಿತಿತ್ತು.

ಅಮರೇಶನಿಗೆ ಸಿಟ್ಟು ನೆತ್ತಿಗೇರಿತು. ಅರ್ಧ ದಿನ ರಜೆ ಹಾಕಿ ಬ್ಯಾಂಕಿನ ಶಾಖೆಗೆ ಹೋದ. ಅಲ್ಲಿಯ ಅಧಿಕಾರಿ ಬಹಳ ಸಿಹಿಯಾಗಿ ಮಾತಾಡಿದರು. “ಆತ್ರಿ, ನಾ ತಗಸ್ತೇನಿ. ನೀವೇನ್ ಕಾಳಜಿ ಮಾಡಬ್ಯಾಡ್ರಿ” ಎಂದರು. ಅಮರೇಶ ನಂಬಿ ಮನೆಗೆ ಬಂದ. ಅರ್ಜಿ ಕೊಡಲಿಲ್ಲ, ರಸೀದಿ ಪಡೆಯಲಿಲ್ಲ. ನಮ್ಮ ಕಡೆ ಮಾತೆಂದರೆ ಮಾತು. ಎಪಿಎಂಸಿ ಅಂಗಡಿಯಲ್ಲಿ ಒಂದು ಮಾತಿನ ಮೇಲೆ ಗಾಡಿಗಟ್ಟಲೆ ಕಾಳು ಕೈ ಬದಲಾಗುತ್ತದೆ. ಬ್ಯಾಂಕಿನಲ್ಲೂ ಹಾಗೇ ಎಂದು ತಿಳಿದದ್ದು ಅವನ ಎರಡನೆಯ ತಪ್ಪು.

ಆ ತಿಂಗಳ ಕನಿಷ್ಠ ಪಾವತಿಯಲ್ಲಿ ದಂಡವನ್ನು ಕಳೆದು ಉಳಿದದ್ದನ್ನಷ್ಟೇ ಕಟ್ಟಿದ. ಅಧಿಕಾರಿ ದಂಡ ತೆಗೆಸಿರಲೇ ಇಲ್ಲ. ಕಟ್ಟಿದ್ದು ಕಡಿಮೆಯಾಯಿತೆಂದು ಬ್ಯಾಂಕು ಇನ್ನೊಂದು ದಂಡ ಹಾಕಿತು. ದಂಡಕ್ಕೆ ಬಡ್ಡಿ, ಅದರ ಮೇಲೆ ತೆರಿಗೆ, ತಿಂಗಳು ತುಂಬಿದೊಡನೆ ಮತ್ತೆ ದಂಡ. ಶಾಖೆಗೆ ಹೋದರೆ ಕಾರ್ಡಿನ ವಿಭಾಗ ಬೇರೆ ಊರಲ್ಲಿದೆ, ಫೋನು ಮಾಡಿ ಎಂದರು. ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಹೇಳಿ ಸಂಗೀತ ಹಚ್ಚಿದರು. ಕಡೆಗೊಬ್ಬರು ಸಿಕ್ಕು, ನಿಮ್ಮ ಶಾಖೆಗೇ ಹೋಗಿ ಎಂದರು.

“ಹಾಡೇನೋ ಛಲೋ ಐತಿ. ಮಾತಾಡೋರ ಯಾರೂ ಇಲ್ಲ” ಎಂದಳು ಕಾಳವ್ವ, ಫೋನಿಗೆ ಕಿವಿ ಕೊಟ್ಟು.

ಇಷ್ಟೇ ಆಗಿದ್ದರೆ ಹಾಳಾಗಲಿ ಎಂದು ಬಿಡಬಹುದಿತ್ತು. ಆದರೆ ಅದೇ ಹೊತ್ತಿಗೆ ದಾಕ್ಷಾಯಿಣಿಯ ಬಾಗಿಲಿಗೆ ಭಾಗ್ಯ ಬಂದು ನಿಂತಿತ್ತು. ಧಾರವಾಡದ ಲಕಮನಹಳ್ಳಿಯಲ್ಲಿ ಒಂದು ಹಾಸ್ಟೆಲ್ ಇದೆ. ಅಲ್ಲಿ ಊಟದ ಗುತ್ತಿಗೆ ಹಿಡಿದಿರುವ ಗುರುಬಸವ ಇವಳ ರೊಟ್ಟಿ ತಿಂದು ಮೆಚ್ಚಿದ. ಜೂನ್ ತಿಂಗಳಿಂದ ದಿನವೂ ರೊಟ್ಟಿ ಬೇಕು ಎಂದ. ಅಷ್ಟು ರೊಟ್ಟಿ ಕೈಯಿಂದ ಬಡಿದು ಪೂರೈಸಲು ಆಗದು, ರೊಟ್ಟಿ ಮಾಡುವ ಯಂತ್ರವೇ ಬೇಕು. ದಾಕ್ಷಾಯಿಣಿ ಇನ್ನೊಂದು ಬ್ಯಾಂಕಿಗೆ ಯಂತ್ರದ ಸಾಲಕ್ಕೆ ಅರ್ಜಿ ಹಾಕಿದಳು. ಅವಳ ಜೊತೆ ಗಂಡನೂ ಸಹಿ ಮಾಡಬೇಕಿತ್ತು. ಅವರು ಅಮರೇಶನ ಹೆಸರು ಕಂಪ್ಯೂಟರಿನಲ್ಲಿ ಹಾಕಿ ನೋಡಿ, ನಿಮ್ಮ ಯಜಮಾನರು ಕಾರ್ಡಿನ ಬಾಕಿ ಉಳಿಸಿಕೊಂಡವರು ಎಂದು ದಾಖಲೆಯಿದೆ, ಅದನ್ನು ಸರಿ ಮಾಡಿಸಿಕೊಂಡು ಬನ್ನಿ ಎಂದುಬಿಟ್ಟರು.

ಗುರುಬಸವ ಒಳ್ಳೆಯವನೇ. ಆದರೆ ಅವನಿಗೂ ಹೊಟ್ಟೆಪಾಡು. “ಅಕ್ಕಾ, ಜೂನ್ ಒಂದಕ್ಕ ಹುಡುಗ್ರು ಬರ್ತಾರ. ಅಷ್ಟರಾಗ ನಿಮ್ಮ ಮಶೀನ್ ಬರಲಿಲ್ಲಂದ್ರ ನಾ ಬ್ಯಾರೇದವರಿಗೆ ಹೇಳಬೇಕಾಗತೈತಿ” ಎಂದ.

ದಾಕ್ಷಾಯಿಣಿ ಬ್ಲೌಸು ಒಯ್ಯುವ ನೆಪದಲ್ಲಿ ನನ್ನ ಹತ್ತಿರ ಬಂದು ಅತ್ತಳು. “ಒಂದ ಬೋರ್ಡ್ ಬರಸಬೇಕಂತ ಮಾಡಿದ್ನಿ ಕಾಶೀಬಾಯಿ. ದಾಕ್ಷಾಯಿಣಿ ರೊಟ್ಟಿ ಕೇಂದ್ರ ಅಂತ. ನನ್ನ ಹೆಸರು ಲಗ್ನಪತ್ರ ಬಿಟ್ರ ಎಲ್ಲೂ ಅಚ್ಚಾಗಿಲ್ಲ” ಎಂದಳು. ನನಗೂ ಕಣ್ಣು ತುಂಬಿ ಬಂತು. ಸೂಜಿಗೆ ದಾರ ಪೋಣಿಸಲು ಆಗಲಿಲ್ಲ.

ಮರುದಿನ ಇನ್ನೂ ಬೆಳಕು ಹರಿಯುವ ಮುಂಚೆ ನನ್ನ ಫೋನು ಬಡಿದುಕೊಂಡಿತು. ಯಾವನೋ ಒಬ್ಬ ಒರಟಾಗಿ ಮಾತಾಡಿದ.

“ಅಮರೇಶ ಗೊತ್ತೇನ್ರಿ ನಿಮಗ? ಬ್ಯಾಂಕಿನ ಸಾಲ ಮುಳಗಿಸಿ ತಪ್ಪಿಸ್ಕೊಂಡ ಅಡ್ಡಾಡಾಕತ್ತಾನ. ಅವಂಗ ಹೇಳ್ರಿ.”

“ಎಲ್ಲಿ ತಪ್ಪಿಸ್ಕೊಂಡಾನೋ ತಮ್ಮಾ? ಇಲ್ಲೇ ಎದುರ ಮನಿ ಬಚ್ಚಲದಾಗ ಜಳಕಾ ಮಾಡಾಕತ್ತಾನ. ಹಾಡೂ ಕೇಳಸಾಕತ್ತೈತಿ. ನಿನಗ ನನ್ನ ನಂಬರ್ ಯಾರ್ ಕೊಟ್ರು?”

ಅವನು ಫೋನಿಟ್ಟ. ನನಗೆ ಮೈಯೆಲ್ಲ ಉರಿಯಿತು. ವಿಚಾರಿಸಿದರೆ ಓಣಿಯ ಇನ್ನೂ ಇಬ್ಬರಿಗೆ ಅಂಥದೇ ಫೋನು ಬಂದಿತ್ತು. ಕಾರ್ಡಿನ ಅರ್ಜಿಯಲ್ಲಿ ಪರಿಚಯದವರೆಂದು ಅಮರೇಶ ನಮ್ಮ ನಂಬರ್ ಬರೆದಿದ್ದನಂತೆ. ಸುದ್ದಿ ತಿಳಿದ ಮೇಲೆ ಅವನು ತಲೆ ತಗ್ಗಿಸಿ ಓಣಿ ದಾಟತೊಡಗಿದ. ಜಳಕದ ಹಾಡು ನಿಂತುಹೋಯಿತು.

ಶನಿವಾರ ವೃಂದಾ ಅಕ್ಕೋರು ರೊಟ್ಟಿ ಒಯ್ಯಲು ಬಂದರು. ಇವರು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ವಾರಕ್ಕೊಮ್ಮೆ ಬಸ್ಸು ಹತ್ತಿ ಹುಬ್ಬಳ್ಳಿಗೆ ಬಂದು ಮಗಳನ್ನು ಕಂಡು, ದಾಕ್ಷಾಯಿಣಿಯ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಾರೆ. ಎಲ್ಲರ ಮುಖ ಬಾಡಿದ್ದು ನೋಡಿ ಏನಾಯಿತೆಂದು ಕೇಳಿದರು. ಅಮರೇಶ ಬಾಯಿ ಬಿಡಲಿಲ್ಲ. ನಾನು ಬಿಟ್ಟೆ. ಕಿಟಕಿಯಿಂದಲೇ ಶುರು ಮಾಡಿ, ಅವರ ಪಡಸಾಲೆಗೆ ಹೋಗಿ ಮುಗಿಸಿದೆ.

“ಬಿಲ್ ಎಲ್ಲಾ ತಗೀರಿ ನೋಡೋಣ” ಎಂದರು ಅಕ್ಕೋರು.

“ಬ್ಯಾಡ ಬಿಡ್ರಿ ಅಕ್ಕೋರ” ಎಂದ ಅಮರೇಶ. “ಬ್ಯಾಂಕಿನ ಜೋಡಿ ಜಗಳಾ ಅಂದ್ರ ಗುಡ್ಡಕ್ಕ ತಲಿ ಹೊಡಕೊಂಡಂಗ. ಅವರಿಗೆ ವಕೀಲ್ರ ಅದಾರ, ರೊಕ್ಕ ಐತಿ. ನಮ್ಮದೇನ್ ನಡೀತೈತಿ?”

“ನಂದು ನಡದದಲ್ಲೋ ಅಮರೇಶ! ಹೋದ ವರ್ಷ ನನ್ನ ಕಾರ್ಡಿಗೆ ನಾ ಕೇಳದ ವಿಮಾ ಹಚ್ಚಿದ್ರು. ತಗೀರಿ ಅಂದ್ರ ಆಗೂದಿಲ್ಲ ಅಂದ್ರು. ಪೂರಾ ರೊಕ್ಕ ವಾಪಸ್ ಇಸಗೊಂಡೀನಿ. ವಕೀಲ್ರಿಗೆ ಒಂದ ಕಪ್ ಚಹಾನೂ ಕುಡಿಸಿಲ್ಲ. ತಾ ಇಲ್ಲೆ.”

ಅಮರೇಶ ಮನಸ್ಸಿಲ್ಲದ ಮನಸ್ಸಿನಿಂದ ಫೋನು ಕೊಟ್ಟ. ಕಾಳವ್ವ ಪಕ್ಕದಲ್ಲಿ ಮೊರದಲ್ಲಿ ಜೋಳ ಹಾಕಿಕೊಂಡು, ಹಳ್ಳು ಅಂದರೆ ಸಣ್ಣ ಕಲ್ಲು ಆರಿಸಿ ಹಸನು ಮಾಡುತ್ತಿದ್ದಳು. ಅಕ್ಕೋರು ಒಂದೊಂದೇ ಬಿಲ್ಲು ನೋಡಿ, “ಕಾಳವ್ವಾರ, ನೀವು ಜೋಳ ಹಸನ ಮಾಡ್ಲಿಕತ್ತೀರಲ್ಲ, ಹಂಗ ಈ ಬಿಲ್ಲೂ ಹಸನ ಮಾಡಬೇಕು. ಜೋಳ ಬ್ಯಾರೆ, ಹಳ್ಳು ಬ್ಯಾರೆ. ಎರಡೂ ಕೂಡಿಸಿ ನುಂಗಬಾರದು, ಎರಡೂ ಕೂಡಿಸಿ ಚೆಲ್ಲಲೂಬಾರದು” ಎಂದರು.

“ಇದರಾಗ ಜ್ವಾಳ ಯಾವದ್ರಿ?” ಎಂದು ದಾಕ್ಷಾಯಿಣಿ ಕೇಳಿದಳು.

“ಹಿಟ್ಟು ನಾದೂ ಯಂತ್ರದ ರೊಕ್ಕ, ಅದರ ಮ್ಯಾಲಿನ ಬಡ್ಡಿ. ಅದು ನೀವು ಕೊಡಲೇಬೇಕು.”

“ಬಡ್ಡಿ ಎಷ್ಟ ಐತ್ರಿ?”

“ತಿಂಗಳಿಗೆ ನೂರಕ್ಕ ಮೂರೂ ಮುಕ್ಕಾಲು.”

ಕಾಳವ್ವನ ಕೈಯಲ್ಲಿದ್ದ ಮೊರ ನಿಂತಿತು. “ಮೂರೂ ಮುಕ್ಕಾಲ? ಸಂತ್ಯಾಗ ಸಾಲಾ ಕೊಡಾಂವ ಮೂರರ ಬಡ್ಡಿ ಹಚ್ಚಿದ್ರ ಅಂವಗ ರಕ್ತ ಹೀರಾಂವ ಅಂತೇವಿ. ಇವರು ಟೈ ಕಟಗೊಂಡ ಹೀರತಾರೇನು?”

“ಬಡ್ಡಿ ಭಾರೀ ಅದ, ಖರೇ” ಎಂದರು ಅಕ್ಕೋರು. “ಆದ್ರ ಅದನ್ನ ಕಾಗದದಾಗ ಬರದಾರ, ಅಮರೇಶ ಓದದ ಸಹಿ ಮಾಡ್ಯಾನ. ಬರೇ ಬಡ್ಡಿ ಹೆಚ್ಚಾತು ಅಂತ ದೂರು ಕೊಟ್ರ ಕೆಲಸ ಆಗೂದಿಲ್ಲ. ಅದಕ್ಕ ಔಷಧ ಬ್ಯಾರೆ ಅದ, ಆಮ್ಯಾಲೆ ಹೇಳ್ತೀನಿ. ಈಗ ಹಳ್ಳು ನೋಡ್ರಿ. ಅಮರೇಶ, ನೀ ಎಷ್ಟ ದಿನ ತಡ ಮಾಡಿ ಕಟ್ಟಿದಿ?”

“ಒಂದ ದಿನ ರೀ. ಶುಕ್ರವಾರ ಇತ್ತು...” ಎಂದು ಅವನು ಅವ್ವನ ಕಡೆ ನೋಡಿದ. ಕಾಳವ್ವ ಜೋಳದ ಕಡೆ ನೋಡಿದಳು.

ಅಕ್ಕೋರು ನಗು ತಡೆದುಕೊಂಡು ಹೇಳಿದರು: “ರಿಸರ್ವ್ ಬ್ಯಾಂಕಿನ ನಿಯಮ ಅದ. ಕಡೀ ದಿನ ದಾಟಿ ಮೂರು ದಿನಕ್ಕಿಂತ ಹೆಚ್ಚು ಬಾಕಿ ಉಳದ್ರ ಮಾತ್ರ ತಡದ ದಂಡ ಹಾಕಬೇಕು. ಬಾಕಿದಾರ ಅಂತ ದಾಖಲಿ ಮಾಡೂದೂ ಆಮ್ಯಾಲೇ. ಒಂದ ದಿನಕ್ಕ ಹಾಕಿದ ಆ ಮೊದಲನೇ ದಂಡನೇ ತಪ್ಪು. ಅದನ್ನ ನೀ ಕಟ್ಟಲಿಲ್ಲಂತ ಮುಂದ ಹಾಕಿದ್ದೆಲ್ಲಾ ಅದರ ಮರಿ. ದಂಡದ ರೊಕ್ಕ ಅಸಲಿನಾಗ ಕೂಡಿಸಿ ಬಡ್ಡಿ ಹಚ್ಚೂದೂ ತಪ್ಪು. ಮತ್ತ ವಸೂಲಿ ಮಾಡಾವರು ಮುಂಜಾನೆ ಎಂಟರ ಮೊದಲ, ಸಂಜಿ ಏಳರ ನಂತರ ಫೋನ್ ಮಾಡಬಾರದು. ಆಜೂಬಾಜೂದವರಿಗೆ ಫೋನ್ ಹಚ್ಚಿ ಮಾನಾ ಕಳಿಯೂದಂತೂ ಮಾಡಲೇಬಾರದು.”

ಆ ಒರಟನ ನಂಬರ್ ನನ್ನ ಫೋನಿನಲ್ಲಿ ಹಾಗೇ ಇತ್ತು. ನಾನು ಅದನ್ನು ಅಕ್ಕೋರ ಮುಂದೆ ಹಿಡಿದೆ. ಬಹಳ ಖುಷಿಯಾಯಿತು ನನಗೆ.

“ಅಂದ್ರ ತಪ್ಪ ನಂದ ಒಬ್ಬಂದ ಅಲ್ಲ?” ಎಂದ ಅಮರೇಶ.

“ನಿಂದೂ ಅದ. ಸುಮ್ಮ ಸಿಟ್ಟಿಗೆದ್ದು ರೊಕ್ಕಾ ತಡದಿ, ಬರವಣಿಗಿಯೊಳಗ ಒಂದ ಸಾಲೂ ಕೊಡಲಿಲ್ಲ. ಬಾಯಿಮಾತಿಗೆ ಬ್ಯಾಂಕಿನ್ಯಾಗ ಸಾಕ್ಷಿ ಇರೂದಿಲ್ಲ.”

ಅಂದೇ ಕೂತು ದೂರು ಬರೆದರು. ಕನ್ನಡದಲ್ಲೇ. ಯಾವ ದಿನ ಕಟ್ಟಿದ್ದು, ಯಾವ ದಂಡ ತಪ್ಪು, ಏನೇನು ವಾಪಸು ಬೇಕು, ದಾಖಲೆಯಲ್ಲಿ ಏನು ತಿದ್ದಬೇಕು, ಓಣಿಯವರಿಗೆ ಫೋನು ಮಾಡಿದವನ ನಂಬರ್ ಯಾವುದು, ಎಲ್ಲವನ್ನೂ ಒಂದೇ ಪುಟದಲ್ಲಿ. ಅಮರೇಶ ಅದರ ಫೋಟೊ ತೆಗೆದು ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಕಳಿಸಿದ. ದೂರಿನ ನಂಬರ್ ಬಂತು. ಒಂದು ಪ್ರತಿಯನ್ನು ಶಾಖೆಗೂ ಕೊಟ್ಟು, ತಲುಪಿದೆ ಎಂದು ಮೊಹರಿನ ಶಿಕ್ಕಾ ಹಾಕಿಸಿಕೊಳ್ಳಿ ಎಂದು ಹೇಳಿ ಅಕ್ಕೋರು ಧಾರವಾಡದ ಬಸ್ಸು ಹತ್ತಿದರು.

ಇನ್ನು ಬಡ್ಡಿಯ ಔಷಧ. ಅದು ನಮ್ಮ ಓಣಿಯಲ್ಲೇ ಇತ್ತು. ನಮ್ಮ ಸ್ವಸಹಾಯ ಸಂಘದಲ್ಲಿ ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಯಲ್ಲಿ ಸಾಲ ಸಿಗುತ್ತದೆ. ಅಲ್ಲಿ ಸಾಲ ಪಡೆದು ಕಾರ್ಡಿನ ನ್ಯಾಯವಾದ ಬಾಕಿಯನ್ನು ಒಮ್ಮೆಲೇ ತೀರಿಸಿಬಿಡಿ, ಆ ದುಬಾರಿ ಬಡ್ಡಿ ಅಲ್ಲಿಗೇ ನಿಲ್ಲುತ್ತದೆ ಎಂದು ಅಕ್ಕೋರು ಹೇಳಿದ್ದರು. ಅಮರೇಶ ಇದಕ್ಕೂ ಅಡ್ಡ ಬಂದ.

“ಸಂಘದಾಗ ಕೇಳಿದ್ರ ಮನೀ ಸಾಲ ಊರಿಗೆಲ್ಲಾ ಗೊತ್ತಾಗತೈತಿ. ಮರ್ಯಾದಿ ಏನ್ ಉಳೀತು?”

ದಾಕ್ಷಾಯಿಣಿ ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. “ರೀ, ಬ್ಯಾಂಕಿನಾಂವ ಆಗಲೇ ಓಣಿ ತುಂಬ ಡಂಗುರಾ ಸಾರ್ಯಾನ. ಮುಚ್ಚಿಡಾಕ ಇನ್ನೇನ್ ಉಳದೈತಿ? ಮರ್ಯಾದಿ ಉಳಿಯೂದು ಬಾಕಿ ತೀರಿಸಿದ್ರ, ಬಾಗಲಾ ಹಾಕ್ಕೊಂಡ ಕುಂತ್ರ ಅಲ್ಲ.” ಅಮರೇಶ ಒಪ್ಪಿದ. ಸಂಘದ ಅಧ್ಯಕ್ಷೆ ರಾಜೇಶ್ವರಿ ಮುಂದಿನ ಸಭೆಯಲ್ಲೇ ಸಾಲ ಮಂಜೂರು ಮಾಡಿದಳು. ಒಬ್ಬರೂ ಮೂಗು ಮುರಿಯಲಿಲ್ಲ. ಬದಲಿಗೆ ಇನ್ನಿಬ್ಬರು ಸದಸ್ಯೆಯರು, ನಮ್ಮ ಮನೆಯಲ್ಲೂ ಇಂಥದೇ ಕಾರ್ಡಿದೆ, ನಮ್ಮ ಬಿಲ್ಲೂ ನೋಡ್ತೀರಾ ಎಂದು ಕೇಳಿದರು. ಜೋಳ ಎಂದು ಬೇರೆ ತೆಗೆದದ್ದನ್ನೆಲ್ಲ ಅಮರೇಶ ಕಟ್ಟಿಬಿಟ್ಟ. ಹಳ್ಳು ಮಾತ್ರ ಉಳಿಯಿತು, ಅದು ತಕರಾರಿನಲ್ಲಿದೆ ಎಂದು ದೂರಿನಲ್ಲೇ ಬರೆದಿತ್ತು.

ಅಮರೇಶ ಶಾಖೆಗೆ ದೂರಿನ ಪ್ರತಿ ಕೊಡಲು ಹೊರಟ ದಿನ ಕಾಳವ್ವ ನಾನೂ ಬರುತ್ತೇನೆ ಎಂದು ಹೊರಟು ನಿಂತಳು. ನಾನೂ ಹೋದೆ, ಬಿಡುತ್ತೇನೆಯೇ? ಸಿಹಿ ಮಾತಿನ ಅಧಿಕಾರಿ ಕಾಗದ ನೋಡಿ ಸಪ್ಪಗಾದರು.

“ಇದನ್ನ ಇಲ್ಲಿ ತಗೋಳಾಕ ಬರಂಗಿಲ್ಲ ಅಜ್ಜಿ. ಆನ್‌ಲೈನ್ ಹಾಕ್ರಿ.”

“ಆನ್‌ಲೈನೂ ಹಾಕೇವ್ರಿ ಸಾಹೇಬ್ರ. ಇದು ಪ್ರತಿ. ಒಂದ ಶಿಕ್ಕಾ ಹೊಡೀರಿ ಸಾಕು” ಎಂದಳು ಕಾಳವ್ವ.

“ಶಿಕ್ಕಾ ಹೊಡ್ಯಾಕ ನನಗ ಅಧಿಕಾರ ಇಲ್ಲ.”

“ಹಂಗಾರ ‘ನಾವು ದೂರು ತಗೋಳೂದಿಲ್ಲ’ ಅಂತ ಒಂದ ಸಾಲ ಬರದ ಸಹಿ ಮಾಡಿ ಕೊಡ್ರಿ. ಹೋಗತೇವಿ.”

ಅಧಿಕಾರಿ ಕಾಳವ್ವನನ್ನು ನೋಡಿದರು. ಕಾಳವ್ವ ಕುರ್ಚಿಯ ಮೇಲೆ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿ ಕುಳಿತು, ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತೆಗೆದಳು. “ಗಡಿಬಿಡಿ ಏನಿಲ್ರಿ. ಸಂಜೀತನಾ ಕುಂದರತೇವಿ” ಎಂದಳು. ಸಾಲಿನಲ್ಲಿ ನಿಂತವರು ನಗತೊಡಗಿದರು. ಮ್ಯಾನೇಜರರ ಕೋಣೆಯ ಬಾಗಿಲು ಸ್ವಲ್ಪ ತೆರೆದು ಮುಚ್ಚಿತು. ರೊಟ್ಟಿ ಅರ್ಧ ಆಗುವಷ್ಟರಲ್ಲಿ ಶಿಕ್ಕಾ ಬಿತ್ತು.

ಬಸ್ಸಿನಲ್ಲಿ ಬರುವಾಗ ಕಾಳವ್ವ ಉಳಿದ ಬುತ್ತಿಯ ಗಂಟು ಕಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿ, “ಕಾಶೀ, ಇದೆಲ್ಲಾ ನನ್ನಿಂದ ಆತಲ್ಲ. ಆ ಶುಕ್ರವಾರ ನಾ ತಡೀಬಾರದಿತ್ತು” ಎಂದಳು. ನಾನು ಅಕ್ಕೋರ ಮಾತು ಹೇಳಿದೆ. ಶುಕ್ರವಾರ ಬೇಡವಾದರೆ ಗುರುವಾರವೇ ಕಟ್ಟಿ, ಲಕ್ಷ್ಮಿ ಒಂದು ದಿನ ಮೊದಲು ಹೋದರೆ ಸಿಟ್ಟಾಗುವುದಿಲ್ಲ ಎಂದು ಅವರು ಹೇಳಿದ್ದರು. ಕಾಳವ್ವ ಯೋಚಿಸಿ, “ಹೌದ. ಗುರುವಾರ ಛಲೋ ದಿನ” ಎಂದಳು.

ಬ್ಯಾಂಕಿನಿಂದ ಉತ್ತರ ಬಂತು. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ನಮ್ಮ ನಿಯಮದ ಪ್ರಕಾರ ದಂಡ ಸರಿಯಾಗಿದೆ, ನಿಮ್ಮ ದೂರನ್ನು ಮುಕ್ತಾಯ ಮಾಡಿದ್ದೇವೆ ಎಂದು ಅದರ ಅರ್ಥ. ಅಮರೇಶ ಹೇಳಿದ್ದೆನಲ್ಲ ಎನ್ನುವಂತೆ ಕೈ ಚೆಲ್ಲಿ ಕುಳಿತ. ದಾಕ್ಷಾಯಿಣಿಯ ಮುಖ ಇಳಿದು ಹೋಯಿತು. ಜೂನ್ ಹತ್ತಿರ ಬರುತ್ತಿತ್ತು.

ಅಕ್ಕೋರಿಗೆ ಫೋನು ಮಾಡಿದರೆ ಅವರು ನಕ್ಕರು. “ಛಲೋ ಆತು! ಬ್ಯಾಂಕು ಇಲ್ಲ ಅಂತ ಬರದ ಕೊಟ್ರ, ಇಲ್ಲಾ ಮೂವತ್ತ ದಿನ ಉತ್ತರಾನ ಕೊಡಲಿಲ್ಲಂದ್ರ, ರಿಸರ್ವ್ ಬ್ಯಾಂಕಿನ ಲೋಕಪಾಲರ ಬಾಗಲಾ ತಗೀತದ. ಅಂಬುಡ್ಸ್‌ಮನ್ ಅಂತಾರ ಅವರಿಗೆ. ಒಂದ ಪೈಸಾ ಖರ್ಚಿಲ್ಲ, ವಕೀಲ್ರು ಬೇಕಿಲ್ಲ. ಒಂದು ನಾಕು ನಾಕು ನಾಕು ಎಂಟು, ಈ ನಂಬರಿಗೆ ಹಚ್ಚಿ ಕನ್ನಡದಾಗ ಕೇಳ್ರಿ. ದೂರು ಹ್ಯಾಂಗ ಹಾಕೂದಂತ ಅವರ ಹೇಳ್ತಾರ.”

ಈ ಸಲ ಅಮರೇಶನೇ ಕುಳಿತ. ರಿಸರ್ವ್ ಬ್ಯಾಂಕಿನ ದೂರಿನ ತಾಣ ತೆರೆದು ಬಿಲ್ಲು, ಶಿಕ್ಕಾ ಹೊಡೆದ ಪ್ರತಿ, ಬ್ಯಾಂಕಿನ ನಾಲ್ಕು ಸಾಲಿನ ಉತ್ತರ ಎಲ್ಲವನ್ನೂ ಸೇರಿಸಿ ದೂರು ಹಾಕಿದ. ಲೇಥ್ ಮೇಲೆ ಕೂದಲೆಳೆ ಲೆಕ್ಕದಲ್ಲಿ ಕಬ್ಬಿಣ ಕೊರೆಯುವವನು ಅವನು. ಒಮ್ಮೆ ಮನಸ್ಸು ಮಾಡಿದರೆ ಕೆಲಸ ಅಚ್ಚುಕಟ್ಟು.

ಕೆಲವು ವಾರ ಕಳೆದವು. ಆಮೇಲೆ ಬ್ಯಾಂಕೇ ಫೋನು ಮಾಡಿತು. ಹೊತ್ತು ಸರಿಯಾಗಿತ್ತು, ದನಿ ಮೆತ್ತಗಿತ್ತು. ಮ್ಯಾನೇಜರ್ ಸಾಹೇಬರು ಕರೆಯುತ್ತಿದ್ದಾರೆ, ದಯವಿಟ್ಟು ಬನ್ನಿ ಎಂದರು. ಈ ಸಲ ಗಂಡ, ಹೆಂಡತಿ, ಕಾಳವ್ವ, ನಾನು, ನಾಲ್ವರೂ ಹೋದೆವು. ಮ್ಯಾನೇಜರ್ ಕುರ್ಚಿ ಹಾಕಿಸಿ ಚಹಾ ತರಿಸಿದರು.

“ಅಮರೇಶ ಅವರ, ಮಾತಾಡಿ ಮುಗಿಸಿಬಿಡೂಣ್ರಿ. ದಂಡದಾಗ ಅರ್ಧಾ ನಾವು ಬಿಡ್ತೇವಿ. ನೀವು ದೂರು ವಾಪಸ್ ತಗೋರಿ. ದಾಖಲೀದೂ ನಾ ಮಾಡಸ್ತೇನಿ, ನನ್ನ ಮಾತಿನ ಮ್ಯಾಲೆ ಭರೋಸಾ ಇಡ್ರಿ.”

ಒಂದು ವರ್ಷದ ಹಿಂದಿನ ಅಮರೇಶ ಆಗಿದ್ದರೆ ಕೈ ಮುಗಿದು ಬರುತ್ತಿದ್ದ. ಅವನು ಚಹಾದ ಕಪ್ಪು ಕೆಳಗಿಟ್ಟ.

“ನಮ್ಮ ತಪ್ಪಿದ್ರ ಪೂರಾ ತಗೋರಿ, ಸಾಹೇಬ್ರ. ನಿಮ್ಮ ತಪ್ಪಿದ್ರ ಪೂರಾ ಬಿಡ್ರಿ. ಅರ್ಧಾ ಅಂದ್ರ ಏನು, ಒಂದ ದಿನದಾಗ ಅರ್ಧಾ ದಿನ ತಡ ಮಾಡೇನೇನು? ಮತ್ತ ಏನ್ ಮಾಡಿದ್ರೂ ಬರದ ಕೊಡ್ರಿ. ಅಲ್ಲೀತನಾ ದೂರು ಇದ್ದಲ್ಲೇ ಇರತೈತಿ.”

ದಾಕ್ಷಾಯಿಣಿ ಗಂಡನನ್ನು ನೋಡಿದ ನೋಟ ನಾನು ಮರೆಯುವುದಿಲ್ಲ. ಕಾಳವ್ವ ಮಾತ್ರ ಏನೂ ಆಗದವಳಂತೆ ಚಹಾ ಹೀರಿ, “ಸಕ್ರಿ ಕಡಿಮಿ ಐತ್ರಿ” ಎಂದಳು.

ಮುಂದಿನ ವಾರ ಕಾಗದ ಬಂತು. ಹಾಕಿದ ದಂಡವೆಲ್ಲ ರದ್ದು. ಅದರ ಮೇಲಿನ ಬಡ್ಡಿ, ತೆರಿಗೆ ರದ್ದು. ಬಾಕಿದಾರ ಎಂಬ ದಾ‌ಖಲೆ ತಿದ್ದಿದ್ದಾರೆ. ಓಣಿಯವರಿಗೆ ಫೋನು ಮಾಡಿದ್ದಕ್ಕೆ ವಿಷಾದಿಸುತ್ತೇವೆ ಎಂದು ಕೆಳಗೆ ಒಂದು ಸಾಲು. ಆ ಸಾಲನ್ನು ನಾನು ಎರಡು ಸಲ ಓದಿಸಿಕೊಂಡೆ, ಅದು ನನ್ನ ಪಾಲಿನದು. ಕಾರ್ಡನ್ನು ಮುಚ್ಚಿಸಲು ಅಮರೇಶ ಅವತ್ತೇ ಬರವಣಿಗೆಯಲ್ಲಿ ಕೇಳಿದ. ಬಾಕಿ ತೀರಿದ ಮೇಲೆ ಏಳು ಕೆಲಸದ ದಿನಗಳೊಳಗೆ ಮುಚ್ಚಲೇಬೇಕೆಂಬ ನಿಯಮವೂ ಈಗ ಅವನಿಗೆ ಬಾಯಿಪಾಠ. ಮರುದಿನ ಮುಂಜಾನೆ ಎದುರು ಮನೆಯ ಬಚ್ಚಲಿನಿಂದ ಹಾಡು ಕೇಳಿಸಿತು. ಅವನ ಕಂಠ ಅಷ್ಟಕ್ಕಷ್ಟೇ, ಆದರೂ ನಾನು ಯಂತ್ರ ನಿಲ್ಲಿಸಿ ಕೇಳಿದೆ.

ಸಾಲ ಮಂಜೂರಾಯಿತು. ಮೇ ತಿಂಗಳ ಕೊನೆಯಲ್ಲಿ ರೊಟ್ಟಿ ಯಂತ್ರ ಟೆಂಪೋದಲ್ಲಿ ಬಂತು. ಇಳಿಸಲು ಓಣಿಯ ಗಂಡಸರೆಲ್ಲ ಸೇರಿದರು, ಹೇಗೆ ಇಳಿಸಬೇಕೆಂದು ಹೇಳಲು ಹೆಂಗಸರೆಲ್ಲ ಸೇರಿದೆವು. ಜೂನ್ ಒಂದರಂದು ಗುರುಬಸವನ ಗಾಡಿ ತುಂಬಿ ರೊಟ್ಟಿ ಲಕಮನಹಳ್ಳಿಗೆ ಹೋಯಿತು. ದಾಕ್ಷಾಯಿಣಿಯ ಬಾಗಿಲ ಮೇಲೆ ಹಳದಿ ಬೋರ್ಡು, ಅದರಲ್ಲಿ ಕೆಂಪು ಅಕ್ಷರದಲ್ಲಿ ಅವಳ ಹೆಸರು. ಸಂಘದ ನಾಲ್ವರು ಹೆಂಗಸರಿಗೆ ಅಲ್ಲಿ ಕೆಲಸ ಸಿಕ್ಕಿದೆ.

ಈಗ ನಿಮಗೆ ಹೇಳುತ್ತೇನೆ, ಅಕ್ಕಂದಿರೇ, ಅಣ್ಣಂದಿರೇ. ನಿಮ್ಮ ಮನೆಯಲ್ಲೂ ಅಂಥದೊಂದು ಕಾರ್ಡು ಇದ್ದೀತು. ಇವತ್ತೇ ಅದರ ಬಿಲ್ಲು ತೆಗೆದು ಪೂರ್ತಿ ಓದಿ. ಕನಿಷ್ಠ ಪಾವತಿ ಕಂತಲ್ಲ, ಅಷ್ಟೇ ಕಟ್ಟುತ್ತಾ ಹೋದರೆ ಸಾಲ ಮುಗಿಯುವುದೇ ಇಲ್ಲ. ಆದಷ್ಟು ಪೂರ್ತಿ ಕಟ್ಟಿ, ಕಡೆಯ ದಿನಕ್ಕಿಂತ ಮೊದಲೇ ಕಟ್ಟಿ. ಕಟ್ಟಲು ಆಗದಿದ್ದರೆ ಕಡಿಮೆ ಬಡ್ಡಿಯ ಸಾಲ ತೆಗೆದು ಆ ದುಬಾರಿ ಸಾಲವನ್ನು ಮೊದಲು ಮುಗಿಸಿ. ಬಿಲ್ಲಿನಲ್ಲಿ ತಪ್ಪು ಕಂಡರೆ ಸಿಟ್ಟು ಮಾಡಿಕೊಂಡು ರೊಕ್ಕ ತಡೆದು ಕೂಡಬೇಡಿ, ನಾಚಿಕೊಂಡು ಬಾಯಿ ಮುಚ್ಚಲೂಬೇಡಿ. ಬ್ಯಾಂಕಿಗೆ ಬರೆದು ಕೊಡಿ, ದೂರಿನ ನಂಬರ್ ಕೇಳಿ ಪಡೆಯಿರಿ. ಇಲ್ಲ ಎಂದರೆ, ಅಥವಾ ಮೂವತ್ತು ದಿನ ಸುಮ್ಮನಿದ್ದರೆ, 14448ಕ್ಕೆ ಫೋನು ಮಾಡಿ. ಸಾಲ ಇದ್ದವರಿಗೂ ಮಾನವಿದೆ, ಆ ಮಾನಕ್ಕೆ ಕಾನೂನಿದೆ.

ಒಬ್ಬರೇ ಹೋಗಲು ಅಂಜಿಕೆಯಾದರೆ ಗೋಪನಕೊಪ್ಪಕ್ಕೆ ಬಂದು ಹಳದಿ ಬೋರ್ಡಿನ ಮನೆ ಕೇಳಿ. ಕಾಳವ್ವ ಹೋದ ತಿಂಗಳಿಂದ ಮೂರು ಮನೆಯವರ ಜೊತೆ ಮೂರು ಬ್ಯಾಂಕಿಗೆ ಹೋಗಿ ಬಂದಿದ್ದಾಳೆ. ನಿಮ್ಮ ಜೊತೆಗೂ ಬರುತ್ತಾಳೆ. ಬುತ್ತಿ ಅವಳೇ ಕಟ್ಟಿಕೊಳ್ಳುತ್ತಾಳೆ, ನೀವು ಬಿಲ್ಲು ತಂದರೆ ಸಾಕು.